700 ಡಾಲರಿನ ಕೋವಿ

ವಿಸ್ಕಾನ್ಸಿನ್ನಿನಲ್ಲಿ ಅಕ್ಟೋಬರ್ ಮುಗಿಯುತ್ತ ಬಂತೆಂದರೆ ಬೇಲಿಮಾತಿನ ಧಾಟಿಯೇ ಬೇರೆಯಾಗುತ್ತದೆ. ಬೇಸಿಗೆಯೆಲ್ಲ ಹುಲ್ಲು, ಸೊಳ್ಳೆ, ಟೊಮೆಟೊ ಗಿಡ ಎಂದು ಮಾತಾಡಿದವರು ಈಗ ಜಿಂಕೆ ಜಿಂಕೆ ಎನ್ನತೊಡಗುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ 9 ದಿನ ನಡೆಯುವ ಬಂದೂಕು ಬೇಟೆಗೆ ಈ ಒಂದು ರಾಜ್ಯದಲ್ಲೇ ಐದಾರು ಲಕ್ಷ ಜನ ಲೈಸೆನ್ಸ್ ಮಾಡಿಸುತ್ತಾರೆ. ಆ ವಾರ ಕೊಳಾಯಿ ರಿಪೇರಿಯವನು ಸಿಗುವುದಿಲ್ಲ, ಕಾರಿನ ಮೆಕ್ಯಾನಿಕ್ ಸಿಗುವುದಿಲ್ಲ. ನಮ್ಮ ಕಡೆ ಅಡಿಕೆ ಕೊಯ್ಲಿನ ಹೊತ್ತಿಗೆ ಬಡಗಿಯನ್ನು ಕರೆದ ಹಾಗೆ, ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ.

ಈ ಸಲ ಆಚೆಮನೆಯ ಕೊಡಗಿನ ಹುಡುಗಿಗೂ ಆ ಗಾಳಿ ಸೋಕಿದೆ. ಗಂಡ ಮೈಸೂರಿನವನು, ಮೊಟ್ಟೆಯನ್ನೂ ಮುಟ್ಟದವನು. ತನಗೂ ಇದಕ್ಕೂ ಸಂಬಂಧವಿಲ್ಲ ಎಂದು ಅವನೇ ಘೋಷಿಸಿಬಿಟ್ಟಿದ್ದಾನೆ. ಇವಳು ಮಾತ್ರ ಬೇಲಿಗೆ ಒರಗಿಕೊಂಡು ನೇರವಾಗಿ ವ್ಯವಹಾರಕ್ಕೇ ಬಂದಳು.

"ಅಣ್ಣ, 700 ಡಾಲರಿನೊಳಗೆ ಎಲ್ಲ ಆಗಬೇಕು. ಕೋವಿ, ದುರ್ಬೀನು, ತೋಟಾ, ಎಲ್ಲ ಸೇರಿ. ಮಗೂನ ಡೇಕೇರಿಗೆ ಕಟ್ಟಿ, ಊರಿಗೆ ಕಳಿಸಿ, ಉಳಿಯೋದು ಅಷ್ಟೇ."

"ಧಾರಾಳ ಆಯ್ತು ಮಾರಾಯ್ತಿ" ಎಂದೆ. ಅವಳು ನಂಬಲಿಲ್ಲ.

ಕೊಡಗಿನವರಿಗೆ ಕೋವಿಯ ವಿಷಯ ಹೇಳಲು ಹೊರಟ ಮಲೆನಾಡಿಗನ ಧೈರ್ಯವನ್ನು ನೀವು ಮೆಚ್ಚಬೇಕು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯನ್ನು ಒರೆಸಿ, ದೇವರ ಮುಂದಿಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವ ಜನ ಅವರು. ಅಣ್ಣತಮ್ಮಂದಿರ ಜೊತೆ ನಿಂತು ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆದವಳು ಇವಳು. 1959ರ ಶಸ್ತ್ರಾಸ್ತ್ರ ಕಾಯಿದೆಯಿಂದ ಅವರಿಗೆ ಸಿಕ್ಕಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ 10 ವರ್ಷ ಮುಂದುವರಿಸಿತು. ಕೋವಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ 1972ರ ವನ್ಯಜೀವಿ ಕಾಯಿದೆ ಬಂದಮೇಲೆ ಹೊಡೆಯಲು ತೆಂಗಿನಕಾಯಿಯೇ ಗತಿ. ಆ ಕಾನೂನು ಬಂದದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು. ನಮ್ಮ ಕಾಡಿನಲ್ಲಿ ಉಳಿದದ್ದೇ ಅಷ್ಟು. ಇಲ್ಲಿ ಲೆಕ್ಕ ತಲೆಕೆಳಗು: ತೋಳಗಳನ್ನು ಮೊದಲೇ ಮುಗಿಸಿಕೊಂಡ ನಾಡಿನಲ್ಲಿ ಜಿಂಕೆ ಮಿತಿಮೀರಿ, ಜೋಳದ ಹೊಲಕ್ಕೂ ಕಾರಿನ ಬಾನೆಟ್ಟಿಗೂ ನುಗ್ಗುತ್ತದೆ. ಸರ್ಕಾರವೇ ಕರೆದು ಲೈಸೆನ್ಸ್ ಮಾರುತ್ತದೆ.

ಅವಳ ಮೊದಲ ಗಾಬರಿ ಗುರಿಯದ್ದು. ಅಗ್ಗದ ರೈಫಲ್ ಎಂದರೆ ಗುಂಡು ಎತ್ತಲೋ ಹೋಗುತ್ತದೆ, ನೆಟ್ಟಗೆ ಹೊಡೆಯಬೇಕಾದರೆ 2,000 ಡಾಲರ್ ಸುರಿಯಬೇಕು ಎಂದು ಯಾರೋ ಅವಳ ತಲೆಗೆ ತುಂಬಿದ್ದರು. "ಒಂದು ಎಮ್‌ಒಎ ಗ್ಯಾರಂಟಿ ಇರೋದೇ ತಗೋಬೇಕಂತೆ?" ಎಂದಳು.

ಎಮ್‌ಒಎ ಎಂದರೆ ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು. 100 ಗಜ ದೂರದಲ್ಲಿ ಅದು ಒಂದು ಇಂಚಿಗಿಂತ ಕೂದಲಷ್ಟು ಹೆಚ್ಚು. 200 ಗಜದಲ್ಲಿ ಎರಡು ಇಂಚು. ಒಂದೇ ಕಡೆ ಗುರಿಯಿಟ್ಟು ಹೊಡೆದ ಗುಂಡುಗಳೆಲ್ಲ ಆ ಅಳತೆಯೊಳಗೆ ಬಿದ್ದರೆ ಅದು ಒಂದು ಎಮ್‌ಒಎ ರೈಫಲ್. ಕೇಳಲು ಚೆನ್ನಾಗಿದೆ. ಆದರೆ ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು ಅಗಲ. ಇಲ್ಲಿನ ಹಳಬರು ಅಭ್ಯಾಸಕ್ಕೆ ಊಟದ ಕಾಗದದ ತಟ್ಟೆಯನ್ನೇ ಕಟ್ಟುವುದು ಅದಕ್ಕೆ. ಎರಡು ಎಮ್‌ಒಎಯ ಸಾಧಾರಣ ರೈಫಲ್ಲೂ 200 ಗಜದಲ್ಲಿ ನಾಲ್ಕು ಇಂಚಿನೊಳಗೆ ಗುಂಡು ಕೂರಿಸುತ್ತದೆ, ಅಂದರೆ ನಡುಬಿಂದುವಿನಿಂದ ಹೆಚ್ಚೆಂದರೆ ಎರಡಿಂಚು ಆಚೀಚೆ. ನಮ್ಮ ಸುತ್ತಿನ ಓಕ್ ಕಾಡಿನಲ್ಲಿ 100 ಗಜ ಬಯಲು ಕಂಡರೆ ಅದೇ ಹೆಚ್ಚು. ಉಳಿದ ತಪ್ಪೆಲ್ಲ ಚಳಿಗೆ ನಡುಗುವ ಬೆರಳಿನದು, ಕೊಂಬು ಕಂಡೊಡನೆ ಏರುವ ಎದೆಬಡಿತದ್ದು. ಅದಕ್ಕೆ ಯಾವ ಕಂಪನಿಯೂ ಗ್ಯಾರಂಟಿ ಕೊಡುವುದಿಲ್ಲ.

ಅಲ್ಲದೆ ಆ ಗ್ಯಾರಂಟಿಯೂ ಬಹಳ ಸಲ ಮೂರು ಗುಂಡಿನ ಲೆಕ್ಕ. ಮೂರು ಗುಂಡು ಒತ್ತಟ್ಟಿಗೆ ಬೀಳುವುದರಲ್ಲಿ ಅದೃಷ್ಟದ ಪಾಲೂ ಇರುತ್ತದೆ. ಹತ್ತು ಹೊಡೆದು ನೋಡಿದರೆ ರೈಫಲ್ಲಿನ ನಿಜವಾದ ಗುಣ ಗೊತ್ತಾಗುತ್ತದೆ, ಜೇಬಿನದೂ ಗೊತ್ತಾಗುತ್ತದೆ.

ಅಗ್ಗದ ರೈಫಲ್ಲು ಹೀಗೆ ನೆಟ್ಟಗೆ ಹೊಡೆಯತೊಡಗಿದ್ದು ಹೇಗೆ ಎಂಬುದು ನನಗೆ ಬಲು ಪ್ರೀತಿಯ ಕತೆ. ಅವಳಿಗೆ ಬೇಕಿತ್ತೋ ಇಲ್ಲವೋ, ಹೇಳಿಯೇಬಿಟ್ಟೆ. ರೈಫಲ್ಲಿನಲ್ಲಿ ತೋಟಾ ಕೂರುವ ಗೂಡಿಗೂ ಹಿಂದಿನಿಂದ ಅದನ್ನು ಒತ್ತಿ ಹಿಡಿಯುವ ಬೋಲ್ಟಿಗೂ ನಡುವಿನ ಅಂತರ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗುವ ಹಾಗಿಲ್ಲ. ಹಿಂದೆ ಇದನ್ನು ಸರಿಹೊಂದಿಸಲು ನುರಿತ ಕೆಲಸಗಾರ ಒಂದೊಂದೇ ನಳಿಗೆಯನ್ನು ಕಡೆದು, ತಿರುಪಿ, ಮತ್ತೆ ಕಡೆಯಬೇಕಿತ್ತು. ಬೆಲೆ ಏರುತ್ತಿದ್ದದ್ದು ಅಲ್ಲಿ. 1958ರಲ್ಲಿ ಸ್ಯಾವೇಜ್ ಕಂಪನಿ ತಂದ 110 ಎಂಬ ಮಾದರಿಯಲ್ಲಿ ಈ ಗೋಳಿಗೆ ಒಂದು ನಟ್ಟು ಪರಿಹಾರವಾಯಿತು. ಅಳತೆಯ ತುಂಡನ್ನು ಗೂಡಿನಲ್ಲಿಟ್ಟು, ಅದಕ್ಕೆ ತಾಗುವವರೆಗೆ ನಳಿಗೆಯನ್ನು ತಿರುಪಿ, ಹೊರಗಿನಿಂದ ದೊಡ್ಡ ನಟ್ಟು ಬಿಗಿದರೆ ಮುಗಿಯಿತು. ಬೋಲ್ಟಿನ ತಲೆಯನ್ನೂ ಬೇರೆ ತುಂಡಾಗಿ, ಕೊಂಚ ಅಲ್ಲಾಡುವಂತೆ ಇಟ್ಟರು. ಅದು ತಾನೇ ತನ್ನ ಜಾಗ ನೋಡಿಕೊಂಡು ಕೂರುತ್ತದೆ. ನೋಡಲು ಆ ನಟ್ಟು ಕುರೂಪ. ಸಿರಿವಂತ ಬೇಟೆಗಾರರು ವರ್ಷಗಟ್ಟಲೆ ಆಡಿಕೊಂಡರು. ಗುರಿಹಲಗೆ ಮಾತ್ರ ಆಡಿಕೊಳ್ಳಲಿಲ್ಲ. 1988ರಲ್ಲಿ ದಿವಾಳಿ ಎದ್ದ ಆ ಕಂಪನಿ ಮತ್ತೆ ತಲೆಯೆತ್ತಿದ್ದು ಈ 110ನ್ನೇ ನೆಚ್ಚಿಕೊಂಡು.

ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಕಂಪ್ಯೂಟರ್ ನಡೆಸುವ ಯಂತ್ರಗಳು ಬಂದವು. ಒಳಗೊಂದು ಗಟ್ಟಿ ಅಚ್ಚಿಟ್ಟು ಹೊರಗಿನಿಂದ ಸುತ್ತಿಗೆಗಳಿಂದ ಬಡಿದೇ ಸುರುಳಿಗೆರೆ ಮೂಡಿಸುವ ನಳಿಗೆಗಳು ಬಂದವು. ಕುಶಲಕರ್ಮಿಯ ಕೈಯಲ್ಲಿದ್ದ ಕರಾರುವಾಕ್ಕು ಯಂತ್ರದ ಪಾಲಾಯಿತು. ಕರಾರುವಾಕ್ಕೇ ಅಗ್ಗವಾದ ಮೇಲೆ ಉಳಿತಾಯ ಎಲ್ಲಿ ಮಾಡುತ್ತಾರೆ? ಕಣ್ಣಿಗೆ ಕಾಣುವ ಕಡೆ. ವಾಲ್‌ನಟ್ ಮರದ ಹಿಡಿ ಹೋಗಿ ಪ್ಲಾಸ್ಟಿಕ್ ಬಂತು. ಉಕ್ಕಿನ ಹೊಳಪು ಹೋಗಿ ಮಾಸಲು ಕಪ್ಪು ಬಂತು. ಬೋಲ್ಟು ಎಳೆದರೆ ಬೆಣ್ಣೆಯಂತೆ ಜಾರುವುದಿಲ್ಲ, ಕರಕರ ಎನ್ನುತ್ತದೆ. ಮ್ಯಾಗಜೀನು ಆಟದ ಸಾಮಾನಿನಷ್ಟು ಹಗುರ. ನೀವು 1,500 ಡಾಲರ್ ಕೊಟ್ಟು ಕೊಳ್ಳುವ ರೈಫಲ್ಲಿನಲ್ಲಿ ಹೆಚ್ಚಿನ ದುಡ್ಡು ಹೋಗುವುದು ಈ ನಯಕ್ಕೆ. ನಯ ಬೇಡವೆಂದಲ್ಲ, ನನಗೂ ಆಸೆಯೇ. ಆದರೆ ಜಿಂಕೆಗೆ ಅದು ತಿಳಿಯುವುದಿಲ್ಲ.

"ಹೆಸರು ಹೇಳು ಅಣ್ಣ, ಇತಿಹಾಸ ಸಾಕು."

ಸರಿ. ಸ್ಯಾವೇಜ್ ಆಕ್ಸಿಸ್ II, ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್. ಅಂಗಡಿ, ಕಾಲ, ರಿಯಾಯಿತಿ ನೋಡಿಕೊಂಡು 400ರಿಂದ 550 ಡಾಲರಿನ ಆಸುಪಾಸಿನಲ್ಲಿ ಸಿಗುವವು ಇವು. ಫಿನ್ಲೆಂಡಿನ ಟಿಕ್ಕಾವನ್ನು ಒಮ್ಮೆ ಕೈಯಲ್ಲಿ ಹಿಡಿದು ಬೋಲ್ಟು ಎಳೆದವರು ಆಮೇಲೆ ಬೇರೆ ಯಾವುದನ್ನೂ ಮೆಚ್ಚುವುದಿಲ್ಲ, ಹಾಗಾಗಿ ಅಂಗಡಿಗೆ ಹೋದಾಗ ಅದನ್ನು ಮುಟ್ಟಲೇಬೇಡ ಎಂದೆ. ಆಕ್ಸಿಸ್‌ನಲ್ಲಿ II ಎಂದಿರುವುದನ್ನೇ ನೋಡಿ ತೆಗೆದುಕೊಳ್ಳಬೇಕು, ಎಳೆತವನ್ನು ನಾವೇ ಹಗುರ ಮಾಡಿಕೊಳ್ಳಬಹುದಾದ ಟ್ರಿಗರ್ ಅದರಲ್ಲಿದೆ. ಹಿಂದೆ ಕಾರ್ಖಾನೆಯವರು ಕೋರ್ಟಿಗೆ ಹೆದರಿ ಟ್ರಿಗರನ್ನು ಕಲ್ಲಿನಂತೆ ಬಿಗಿಮಾಡಿ ಕಳಿಸುತ್ತಿದ್ದರು. ಎಳೆಯುವಷ್ಟರಲ್ಲಿ ಗುರಿಯೇ ಬೇರೆ ಕಡೆ. ಈ ಶತಮಾನದ ಆರಂಭದಲ್ಲಿ ಸ್ಯಾವೇಜ್ ಒಳ್ಳೆಯ ಟ್ರಿಗರ್ ಕೊಟ್ಟ ಮೇಲೆ ಬೇರೆಯವರಿಗೂ ಕೊಡದೆ ವಿಧಿಯಿರಲಿಲ್ಲ.

ಅಂಗಡಿಯಲ್ಲಿ ಒಂದು ಪರೀಕ್ಷೆ ಉಂಟು. ಜೇಬಿನಿಂದ ಡಾಲರ್ ನೋಟು ತೆಗೆದು ನಳಿಗೆಗೂ ಅದರ ಕೆಳಗಿನ ಪ್ಲಾಸ್ಟಿಕ್ಕಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆಯುವುದು. ನೋಟು ಎಲ್ಲೂ ಸಿಕ್ಕಿಕೊಳ್ಳದೆ ಬಂದರೆ ನಳಿಗೆ ಬಿಡುವಾಗಿದೆ ಎಂದರ್ಥ. ಗುಂಡು ಹಾರುವಾಗ ನಳಿಗೆ ಮಿಡಿಯುತ್ತದೆ. ಎಲ್ಲಾದರೂ ಒರಗಿದ್ದರೆ ಆ ಮಿಡಿತ ಒಂದೊಂದು ಸಲ ಒಂದೊಂದು ಥರ ಆಗುತ್ತದೆ. ನೋಟು ತೂರಿಸಿದ ಮೇಲೆ ಮುಂಗಡೆಯ ಪ್ಲಾಸ್ಟಿಕ್ಕನ್ನು ಕೈಯಲ್ಲಿ ಒತ್ತಿಯೂ ನೋಡಬೇಕು. ಅಗ್ಗದ ಹಿಡಿ ಬಾಗಿ ನಳಿಗೆಗೆ ತಾಗಿಬಿಡುತ್ತದೆ. ಹೊಡೆಯುವಾಗ ಅಲ್ಲಿ ಬೆಲ್ಟು ಎಳೆದು ಬಿಗಿಹಿಡಿಯದಿದ್ದರೆ ಸಾಕು, ತೊಂದರೆಯಿಲ್ಲ.

ಆದರೆ ಇವಳ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ ಬೇರೆಯಿತ್ತು. ಇಲ್ಲಿನ ರೈಫಲ್ಲುಗಳೆಲ್ಲ ಆರಡಿ ಆಳಿಗೆ ಹೊಲಿದವು. ಹಿಡಿಯ ತುದಿಯಿಂದ ಟ್ರಿಗರಿನವರೆಗಿನ ಉದ್ದ ಹದಿಮೂರೂವರೆ ಇಂಚಿಗೂ ಮೇಲೆ. ಇವಳು ಐದಡಿ ಚಿಲ್ಲರೆ. ಅದರ ಮೇಲೆ ನವೆಂಬರಿನ ದಪ್ಪ ಜಾಕೆಟ್ಟು ಬೇರೆ. ಹಿಡಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಕಣ್ಣು ದುರ್ಬೀನಿಗೆ ಎಟುಕುವುದಿಲ್ಲ. ರೂಗರ್ ಅಮೆರಿಕನ್‌ನಲ್ಲಿ ಕಾಂಪ್ಯಾಕ್ಟ್ ಎಂಬ ಮಾದರಿಯಿದೆ, ಹನ್ನೆರಡೂವರೆ ಇಂಚಿನ ಹಿಡಿ, 18 ಇಂಚಿನ ನಳಿಗೆ. ನನ್ನ ಓಟು ಅದಕ್ಕೆ. ಮೈಗೆ ಹೊಂದುವ ಅಗ್ಗದ ರೈಫಲ್ಲಿನ ಮುಂದೆ ಹೊಂದದ ದುಬಾರಿ ರೈಫಲ್ಲು ಯಾವ ಮೂಲೆಗೆ?

ಅಷ್ಟರಲ್ಲಿ ಮೂಲೆಮನೆಯ ಮುದುಕ ನಾಯಿ ಹಿಡಿದುಕೊಂಡು ಬಂದ. ಹೈನು ಮಾಡಿ ಸುಸ್ತಾಗಿ ಜಮೀನು ಮಾರಿ ಪೇಟೆಗೆ ಬಂದವನು. ಯಾವ ಮಾತಾದರೂ "ಥರ್ಟಿ ಆಟ್ ಸಿಕ್ಸ್" ಎಂದೇ ಮುಗಿಸುವವನು. 1906ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ತೋಟಾ ಅದು. ಜಿಂಕೆಯಿಂದ ಕರಡಿಯವರೆಗೆ ಅದು ಸಾಲದ ಪ್ರಾಣಿ ಇಲ್ಲಿ ಇಲ್ಲ, ನಿಜ. ಆದರೆ ಹಗುರವಾದ ಅಗ್ಗದ ರೈಫಲ್ಲಿನಲ್ಲಿ ಅದು ಭುಜಕ್ಕೆ ಕೊಡುವ ಗುದ್ದನ್ನು ಆತ ಹೇಳಲಿಲ್ಲ. ಗುದ್ದಿಗೆ ಹೆದರಿದವರು ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾರೆ. ಇವಳಿಗೆ 308 ಆಗಬಹುದು, 1952ರಿಂದ ಇರುವ ತೋಟಾ. ಇಲ್ಲವೇ 243, ಅದರದೇ ಕತ್ತು ಕಿರಿದಾಗಿಸಿದ ತಂಗಿ, ಗುದ್ದು ತೀರಾ ಕಡಿಮೆ; ಆದರೆ ಗುಂಡು ಸಣ್ಣದು, ಜಾಗ ನೋಡಿಯೇ ಹೊಡೆಯಬೇಕು. ಅಥವಾ 6.5 ಕ್ರೀಡ್‌ಮೂರ್, 2007ರಲ್ಲಿ ಬಂದದ್ದು, ಈಗಿನ ಹುಡುಗರೆಲ್ಲ ಅದರ ಭಕ್ತರು, ಮುದುಕರಿಗೆಲ್ಲ ಅದನ್ನು ಕಂಡರೆ ಆಗದು. ನಾನು ತೋಟಾ ಆರಿಸುವುದು ಪುಸ್ತಕ ನೋಡಿಯಲ್ಲ, ಹಳ್ಳಿಯ ಹಾರ್ಡ್‌ವೇರ್ ಅಂಗಡಿಯ ಕಪಾಟು ನೋಡಿ. ಬೇಟೆಯ ಹಿಂದಿನ ರಾತ್ರಿ ಡಬ್ಬಿ ಮರೆತು ಬಂದರೂ ಅಲ್ಲಿ ಸಿಗಬೇಕು. 308 ಸಿಗುತ್ತದೆ. 20ರ ಡಬ್ಬಿ 30 ಡಾಲರಿನ ಆಚೀಚೆ. ಯಾರೂ ಕೇಳರಿಯದ ತೋಟಾದ ರೈಫಲ್ಲು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಆಮೇಲೆ ಪ್ರತಿ ಡಬ್ಬಿಗೂ ದಂಡ ತೆರಬೇಕು.

"ನಂಗೆ ಒಂದು ಆಸೆ ಇತ್ತಣ್ಣ" ಎಂದಳು ಮೆಲ್ಲಗೆ. "ಆಂಡರ್ಸನ್ ಹತ್ರ ಇದ್ದಂಥದು."

ಅದು ಗೊತ್ತಿದ್ದದ್ದೇ. ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ನನ ಕಾಡಿನ ಕತೆ ಓದಿದ ಯಾರಿಗೆ ಆ 405 ವಿಂಚೆಸ್ಟರಿನ ಮೋಹ ಇಲ್ಲ? ಬೆಂಗಳೂರಿನಿಂದ ಹೊರಟು ನರಭಕ್ಷಕಗಳ ಹಿಂದೆ ಅಲೆದ ಆ ಮನುಷ್ಯನ ಕೈಯಲ್ಲಿದ್ದದ್ದು 1895ರ ಮಾದರಿ, ಕೆಳಗಿನ ಲಿವರ್ ಎಳೆದು ತೋಟಾ ಏರಿಸುವಂಥದು, ಇದೇ ಅಮೆರಿಕದ್ದು. ಈಗ ಅದು ಸಂಗ್ರಹಕಾರರ ಸೊತ್ತು. ಲಿವರ್ ಎಳೆಯುವ ಸುಖ ಬೇಕೆಂದರೆ ಹಳೆಯ ಮಾರ್ಲಿನ್ 336 ಇತ್ತು, 30-30 ತೋಟಾದ್ದು, ಈ ಕಾಡುಗಳಿಗೆ ಹೇಳಿ ಮಾಡಿಸಿದ್ದು. ಒಂದು ಕಾಲಕ್ಕೆ ಬಡವರ ಕೋವಿ ಎಂದರೆ ಅದೇ. ಅದರ ಒಡೆತನದ ರೆಮಿಂಗ್ಟನ್ 2020ರಲ್ಲಿ ದಿವಾಳಿಯಾಗಿ ಮಾರ್ಲಿನ್ ರೂಗರ್ ಕೈಗೆ ಹೋದ ಮೇಲೆ ಹಳೆಯದಕ್ಕೂ ಹೊಸದಕ್ಕೂ ಬೆಲೆ ಏರಿ ಕೂತಿದೆ. ಬಡವರ ವಸ್ತುವಿನ ಮೇಲೆ ಉಳ್ಳವರಿಗೆ ಪ್ರೀತಿ ಬಂದರೆ ಹೀಗೇ. ರಾಗಿಮುದ್ದೆಗೆ ಬೆಂಗಳೂರಿನ ಹೋಟೆಲಿನಲ್ಲಿ ಈಗ ಎಷ್ಟು?

ದುರ್ಬೀನಿನ ವಿಷಯಕ್ಕೆ ಬಂದಾಗ ಮಾತ್ರ ನಾನು ಜಗಳಕ್ಕೇ ನಿಂತೆ. ರೈಫಲ್ಲಿನ ಜೊತೆಗೇ ದುರ್ಬೀನು ಕೂರಿಸಿ ಒಂದೇ ಡಬ್ಬಿಯಲ್ಲಿ ಮಾರುತ್ತಾರೆ, ಐವತ್ತು ಅರವತ್ತು ಡಾಲರ್ ಮಾತ್ರ ಹೆಚ್ಚು. ಅವಳಿಗೆ ಅದರ ಮೇಲೆ ಕಣ್ಣು. ಬೇಡ ಎಂದೆ. ಜಿಂಕೆ ಹೊರಬರುವುದು ಮುಂಜಾವಿನ ಮಸುಕಿನಲ್ಲಿ, ಇಲ್ಲವೇ ಮುಳುಗುಹೊತ್ತಿನಲ್ಲಿ. ಕೀಳು ಗಾಜಿನಲ್ಲಿ ಆ ಹೊತ್ತು ಎಲ್ಲ ಬೂದಿಬಣ್ಣದ ಮುದ್ದೆ. ಹೊಡೆದ ಗುದ್ದಿಗೆ ಒಳಗಿನ ಗೆರೆ ಸರಿದುಬಿಟ್ಟರೆ ನಳಿಗೆ ಎಷ್ಟು ನೆಟ್ಟಗಿದ್ದು ಏನು ಬಂತು? 3ರಿಂದ 9 ಪಟ್ಟು ದೊಡ್ಡದು ಮಾಡುವ, ಮುಂದಿನ ಗಾಜು 40 ಮಿಲಿಮೀಟರಿನ ಸಾದಾ ದುರ್ಬೀನು ಸಾಕು. ವೋರ್ಟೆಕ್ಸ್‌ನವರ ಕ್ರಾಸ್‌ಫೈರ್ 150 ಡಾಲರಿನ ಸುತ್ತಮುತ್ತ. ಕಂಪನಿ ಇಲ್ಲೇ ಮ್ಯಾಡಿಸನ್ನಿನ ಪಕ್ಕದ ಬಾರ್ನೆವೆಲ್ಡಿನಲ್ಲಿದೆ, ಕೆಟ್ಟರೆ ಪ್ರಶ್ನೆಯಿಲ್ಲದೆ ಸರಿಮಾಡಿಕೊಡುವ ಗ್ಯಾರಂಟಿ. 24 ಪಟ್ಟು ತೋರಿಸುವ ಅಗ್ಗದ ದುರ್ಬೀನು ಎಂದರೆ ಕೈಯ ನಡುಕವನ್ನೂ 24 ಪಟ್ಟು ತೋರಿಸುವ ಯಂತ್ರ, ಅಷ್ಟೆ. ಅದನ್ನು ಕೂರಿಸುವ ಉಂಗುರಗಳ ತಿರುಪನ್ನು ಅಳತೆಯ ಸ್ಕ್ರೂಡ್ರೈವರಿನಲ್ಲೇ ಬಿಗಿಯಬೇಕು. ನನ್ನ ಹತ್ತಿರ ಇದೆ, ಬಂದು ಒಯ್ಯಲಿ. ರೈಫಲ್ಲು ಕೆಟ್ಟದ್ದೆಂದು ಜನ ಬೈಯುವ ಎಷ್ಟೋ ಸಲ ತಪ್ಪು ಸಡಿಲ ತಿರುಪಿನದು.

ಹಳೆಯದನ್ನು ಕೊಂಡರಾಗದೇ ಎಂದು ಕೇಳಿದಳು. ಆಗುತ್ತದೆ, ಬೇಕಾದಷ್ಟು. ಜಿಂಕೆ ರೈಫಲ್ಲು ಸವೆಯುವುದೇ ಕಡಿಮೆ. ವರ್ಷಕ್ಕೆ ಏಳೆಂಟು ಗುಂಡು ಹೊಡೆದು ಮತ್ತೆ ಕಪಾಟಿಗಿಡುವವರೇ ಇಲ್ಲಿ ಬಹಳ. ಬೋಲ್ಟು ತೆಗೆದು ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಬೇಕು, ಸುರುಳಿಗೆರೆ ಚೂಪಾಗಿರಬೇಕು, ತುಕ್ಕಿನ ಗುಳಿ ಇರಬಾರದು. ಗುಂಡು ಹೊರಬೀಳುವ ಬಾಯಿಯ ಅಂಚು ಎಲ್ಲೂ ಜಜ್ಜಿರಬಾರದು. ತಿರುಪುಗಳ ತಲೆ ಕಚ್ಚಿಹೋಗಿದ್ದರೆ ಯಾರೋ ಅಡುಗೆಮನೆಯ ಚಾಕುವಿನಲ್ಲಿ ರಿಪೇರಿ ಮಾಡಿದ್ದಾರೆ ಎಂದು ತಿಳಿದು ಮುಂದೆ ಹೋಗಬೇಕು. ಹಳೆಯ ರೆಮಿಂಗ್ಟನ್ 700 ಸಿಕ್ಕರೆ ಟ್ರಿಗರ್ ಬದಲಾಗಿದೆಯೇ ಎಂದು ಕೇಳಲೇಬೇಕು. ಆ ಹಳೆ ಟ್ರಿಗರಿನ ತಕರಾರು ಕೋರ್ಟು ಹತ್ತಿ, ಕಂಪನಿ ಬದಲಾಯಿಸಿಕೊಡಬೇಕಾಗಿ ಬಂದಿತ್ತು. ಆದರೆ ಹಳೆಯ ಮಾಲು ಅಂಗಡಿಗೆ ಬರುವುದು ಬೇಟೆ ಮುಗಿದ ಮೇಲೆ, ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿನ ಖರ್ಚಿಗೆ. ಇವಳಿಗೆ ಈ ವರ್ಷವೇ ಆಗಬೇಕು.

ಇನ್ನು ಕಾಗದಪತ್ರ. ಅವಳು ಇನ್ನೂ ವೀಸಾದ ಮೇಲೆ ಇರುವವಳು. ಎಚ್-1ಬಿ, ಎಚ್-4ರವರು ಬಂದೂಕು ಕೊಳ್ಳುವುದಿರಲಿ, ಕೈಯಲ್ಲಿ ಇಟ್ಟುಕೊಳ್ಳುವುದಕ್ಕೂ ಇಲ್ಲಿನ ಕೇಂದ್ರ ಕಾನೂನು ಬಿಡುವುದಿಲ್ಲ. ಆದರೆ ಅದರಲ್ಲೇ ಒಂದು ಕಿಂಡಿ: ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಹಾಗಾಗಿ ನಮ್ಮಂಥವರಿಗೆ ಕ್ರಮ ತಿರುಗುಮುರುಗು; ಮೊದಲು ಬೇಟೆ ಲೈಸೆನ್ಸ್, ಆಮೇಲೆ ಕೋವಿ. ವಿಸ್ಕಾನ್ಸಿನ್ನಿನಲ್ಲಿ 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಲೈಸೆನ್ಸಿಗೆ ಮುಂಚೆ ಬೇಟೆಯ ಸುರಕ್ಷತಾ ತರಗತಿ ಮುಗಿಸಿರಬೇಕು. ಅದನ್ನು ಅವಳು ಆಗಲೇ ಮುಗಿಸಿದ್ದಳು, ಹನ್ನೆರಡು ವರ್ಷದ ಹುಡುಗರ ಮಧ್ಯೆ ಕೂತು. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಬೇಕು, ಎಫ್‌ಬಿಐ ಹಿನ್ನೆಲೆ ತಪಾಸಣೆ ಆಗಬೇಕು. ವೀಸಾದವರಿಗೆ ಲೈಸೆನ್ಸು, ವಿಳಾಸದ ದಾಖಲೆ ಎಲ್ಲ ಕೈಯಲ್ಲೇ ಇರಬೇಕು, ಫೋನಿನಲ್ಲಿದೆ ಎಂದರೆ ಕೌಂಟರಿನವನು ಮುಖ ನೋಡುತ್ತಾನೆ. ಮನೆಯಲ್ಲಿ ಮಗುವಿದೆಯಲ್ಲ, ಬೀಗದ ಪೆಟ್ಟಿಗೆ ಇಲ್ಲದೆ ಕೋವಿ ಒಳಗೆ ಬರಬಾರದು ಎಂದೆ. ಅದಕ್ಕೆ ಗಂಡ ಮೊದಲೇ ಪೆಟ್ಟಿಗೆ ತಂದಿಟ್ಟಿದ್ದಾನಂತೆ, ತನ್ನ ಸ್ವಂತ ದುಡ್ಡಿನಲ್ಲಿ.

ಬೇಲಿಯ ಮೇಲೇ ಲೆಕ್ಕ ಹಾಕಿದೆವು. ರೂಗರ್ ಕಾಂಪ್ಯಾಕ್ಟ್ ರಿಯಾಯಿತಿಯಲ್ಲಿ 430, ದುರ್ಬೀನು 150, ಉಂಗುರ 30, ಮೂರು ಡಬ್ಬಿ ತೋಟಾ 90. ಸರಿಯಾಗಿ 700. ಬೇಟೆಯಲ್ಲಿ ತೊಡುವ ಕಿತ್ತಳೆಬಣ್ಣದ ಅಂಗಿ, ಟೊಪ್ಪಿ ನಮ್ಮ ಮನೆಯದು. ಮಾರಾಟ ತೆರಿಗೆಯನ್ನು ಇಬ್ಬರೂ ಮರೆತವರ ಹಾಗೆ ನಟಿಸಿದೆವು. ಮೂರು ಡಬ್ಬಿ ಯಾಕೆ ಎಂದು ಅವಳ ವಾದ. ಒಂದು ಜಿಂಕೆಗೆ ಒಂದು ಗುಂಡು ಸಾಕಲ್ಲ. ಅಲ್ಲೇ ನಾನು ಬಿಗಿಹಿಡಿದದ್ದು. ಬೇಕಾದರೆ ರೈಫಲ್ಲಿನಲ್ಲಿ ಇನ್ನೂ 50 ಇಳಿಸು, ತೋಟಾದಲ್ಲಿ ಇಳಿಸಬೇಡ. ಬೆಂಚಿನ ಮೇಲೆ ಕೂತು 100 ಗಜದಲ್ಲಿ ಒಂದೂವರೆ ಇಂಚು ಮೇಲೆ ಬೀಳುವಂತೆ ಕೂರಿಸಿದರೆ 200 ಗಜದವರೆಗೆ ಬೇರೆ ಲೆಕ್ಕ ಬೇಡ. ಆಮೇಲೆ ಬೆಂಚು ಬಿಟ್ಟು ಎದ್ದು, ಮಂಡಿಯೂರಿ, ಮರಕ್ಕೆ ಒರಗಿ, ಜಾಕೆಟ್ಟು ತೊಟ್ಟು ಹೊಡೆಯಬೇಕು. ಕಾಡಿನಲ್ಲಿ ಬೆಂಚು ಇರುವುದಿಲ್ಲ. ಬಂದ ಬಂದವರೆಲ್ಲ ಹೊಸ ರೈಫಲ್ಲಿಗೆ ಸಾವಿರ ಸುರಿದು ಒಂದೇ ಡಬ್ಬಿ ತೋಟಾ ಒಯ್ಯುವುದನ್ನು ನೋಡಿ ನೋಡಿ ನನಗೆ ಈ ವಿಷಯದಲ್ಲಿ ತಾಳ್ಮೆ ಉಳಿದಿಲ್ಲ.

ಅಲ್ಲಿಂದ ಮಾತು ಮಾಂಸಕ್ಕೆ ಹೊರಳಿತು. ಬೇಟೆಯ ಮಾಂಸ ಇಲ್ಲಿ ಮಾರುವಂತಿಲ್ಲ, ತಿನ್ನಬೇಕು, ಇಲ್ಲ ಹಂಚಬೇಕು. ಈ ಭಾಗದ ಜಿಂಕೆಗಳಲ್ಲಿ 2002ರಿಂದ ಒಂದು ಮೆದುಳಿನ ರೋಗ ಕಾಣಿಸಿಕೊಂಡಿದೆ. ತಲೆಯನ್ನು ಒಯ್ದು ಕೊಟ್ಟರೆ ಸರ್ಕಾರದವರು ಪುಕ್ಕಟೆ ಪರೀಕ್ಷೆ ಮಾಡಿ ಹೇಳುತ್ತಾರೆ, ಉತ್ತರ ಬರುವವರೆಗೆ ಮಾಂಸ ಮುಟ್ಟಬಾರದು. ಕಟುಕನಿಗೆ ಕೊಟ್ಟರೆ ನೂರು ಡಾಲರಿಗೆ ಮೇಲೆ ಕೀಳುತ್ತಾನೆ. "ಅದಕ್ಯಾಕೆ ಅಣ್ಣ, ನಾನೇ ಮಾಡ್ತೀನಿ" ಎಂದಳು. ಊರಿನಿಂದ ತಂದ ಕಾಚಂಪುಳಿ ಬಾಟಲಿ ಇನ್ನೂ ಅರ್ಧ ಇದೆಯಂತೆ. ಮಸಾಲೆ ಹುರಿಯುವುದು ಹೇಗೆ, ಜಿಂಕೆಯಲ್ಲಿ ಹಂದಿಯಷ್ಟು ಕೊಬ್ಬಿಲ್ಲದ್ದರಿಂದ ಎಣ್ಣೆ ಎಷ್ಟು ಹೆಚ್ಚು ಎಂದು ಅವಳು ಹೇಳುತ್ತ ಹೋದಂತೆ ಹಿಂದೆ ಬಾಗಿಲು ತೆರೆಯಿತು. ಗಂಡ ಕಾಫಿ ಲೋಟ ಹಿಡಿದು ನಿಂತಿದ್ದ.

"ಅಷ್ಟು ಮಾಂಸ ಎಲ್ಲಿ ಇಡ್ತೀಯ?" ಎಂದ. "ನಮ್ಮ ಫ್ರಿಜ್ಜಲ್ಲಂತೂ ಆಗಲ್ಲ, ಅಲ್ಲಿ ದೇವರ ನೈವೇದ್ಯದ ಹಾಲಿದೆ."

ಬೇರೆ ಫ್ರೀಜರ್ ಎಂದರೆ ಇನ್ನೂರು ಡಾಲರ್. ಅದು ಲೆಕ್ಕದಲ್ಲಿ ಇರಲಿಲ್ಲ. ಇಬ್ಬರೂ ಒಟ್ಟಿಗೇ ನಮ್ಮ ಗ್ಯಾರೇಜಿನ ಕಡೆ ನೋಡಿದರು. ಅಲ್ಲಿ ಜಾಗ ಇದೆಯೋ ಇಲ್ಲವೋ ಒಳಗೆ ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ.